ಕಾಲು ತೆಗೆದರೂ ಇಳಿಯದ ಆರ್‌ಪಿಎಂ: ಕ್ಲಚ್ ಪ್ಲೇಟ್ ಬದಲಿಸುವ ಮುನ್ನ

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರ. ಹದಿನೆಂಟು ವರ್ಷ ಒಂದೇ ಪೆಟ್ರೋಲ್ ಕಾರು ಓಡಿಸಿದೆ. ಕಳೆದ ವರ್ಷ ಐದು ಗೇರಿನ ಹೊಸ ಬಿಎಸ್6 ಪೆಟ್ರೋಲ್ ಕಾರು ಕೊಂಡೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದರೂ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು ಇಳಿಯದೆ ನಿಂತೇ ಇರುತ್ತದೆ, ಕೆಲವೊಮ್ಮೆ ತುಸು ಮೇಲಕ್ಕೇ ಹೋಗುತ್ತದೆ. ಕ್ಲಚ್ ಬಿಟ್ಟಾಗ ಕಾರು ಮುಂದಕ್ಕೆ ನೂಕಿದಂತಾಗುತ್ತದೆ. ಆಗುಂಬೆ ಘಾಟಿ ಇಳಿಯುತ್ತಾ ಮೂರರಿಂದ ಎರಡಕ್ಕೆ ಬಂದರೆ ಇದಕ್ಕೆ ತದ್ವಿರುದ್ಧ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಸರ್ವಿಸ್ ಸೆಂಟರಿನವರು ‘ಎಲ್ಲ ಸರಿಯಿದೆ’ ಎಂದರು. ಪರಿಚಯದ ಮೆಕ್ಯಾನಿಕ್ ‘ಕ್ಲಚ್ ಪ್ಲೇಟ್ ಬದಲಿಸಿ’ ಎನ್ನುತ್ತಾರೆ. ಯಾರ ಮಾತು ನಂಬಲಿ? ಇಷ್ಟು ವರ್ಷ ಓಡಿಸಿದವನಿಗೆ ಈಗ ಓಡಿಸಲು ಬಾರದಾಯಿತೆ?

ಉತ್ತರ: ನಿಮಗೆ ಓಡಿಸಲು ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಹದಿನೆಂಟು ವರ್ಷದಲ್ಲಿ ನಿಮ್ಮ ಎರಡು ಕಾಲು ಮತ್ತು ಎಡಗೈ ಸೇರಿ ಒಂದು ತಾಳ ಕಲಿತಿವೆ. ಹೊಸ ಕಾರಿನ ತಾಳ ಬೇರೆ. ಕ್ಲಚ್ ಪ್ಲೇಟಿಗೆ ಸದ್ಯಕ್ಕೆ ಹಣ ಕೊಡಬೇಡಿ. ನೀವು ಬರೆದಿರುವುದು ಸವೆದ ಕ್ಲಚ್ಚಿನ ಲಕ್ಷಣವಲ್ಲ. ಇಂಜಿನ್ನಿನ ಕಂಪ್ಯೂಟರ್ ಗೊತ್ತಿದ್ದೇ ಹೀಗೆ ಮಾಡುತ್ತದೆ. ಸರ್ವಿಸ್ ಸೆಂಟರಿನವರ ಮಾತು ಬಹುಮಟ್ಟಿಗೆ ನಿಜ, ಆದರೆ ಗ್ರಾಹಕರನ್ನು ‘ಸರಿಯಿದೆ’ ಎಂಬ ಒಂದು ಮಾತಿನಲ್ಲಿ ಹಿಂದೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಏಕೆ ಸರಿ ಎಂದು ಹೇಳದಿದ್ದರೆ ಜನ ಕ್ಲಚ್ಚನ್ನೋ ಗೇರ್‌ಬಾಕ್ಸನ್ನೋ ಬಿಚ್ಚಿಸುತ್ತಾರೆ. ಶಿವಮೊಗ್ಗದಲ್ಲಿ ಗ್ಯಾರೇಜಿನ ಹುಡುಗರಿಗೆ ಇಂಜಿನ್ ನಿಯಂತ್ರಣದ ಪಾಠ ಹೇಳುವ ನಾನು ಹೀಗೆ ಸುಮ್ಮನೆ ಬಿಚ್ಚಿಸಿದ ಕ್ಲಚ್ಚುಗಳನ್ನು ಕಂಡಿದ್ದೇನೆ. ಹೊಸ ಪ್ಲೇಟ್ ಹಾಕಿಸಿದ ಮೇಲೂ ಮುಳ್ಳು ಹಾಗೆಯೇ ನಿಂತಿರುತ್ತದೆ.

ಮೊದಲು ಲೆಕ್ಕ. ಐದು ಗೇರಿನ ಸಾಮಾನ್ಯ ಸಣ್ಣ ಪೆಟ್ರೋಲ್ ಕಾರಿನಲ್ಲಿ ಮೊದಲನೇ ಗೇರಿನ ಅನುಪಾತ ಸುಮಾರು 3.55, ಎರಡನೆಯದು 1.90, ಮೂರನೆಯದು 1.28, ನಾಲ್ಕನೆಯದು 0.97, ಐದನೆಯದು 0.77 ಇರುತ್ತದೆ. ನಿಮ್ಮ ಕಾರಿನಲ್ಲಿ ಅಲ್ಪಸ್ವಲ್ಪ ಬೇರೆ ಇರಬಹುದು. ಈ ಕಾರು ಮೊದಲನೇ ಗೇರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದಾಗ ಇಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 2700 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಬೇಕಾದದ್ದು 1450 ಸುತ್ತು ಮಾತ್ರ. ಅಂದರೆ ನೀವು ಕ್ಲಚ್ ಒತ್ತಿ ಬಿಡುವ ಆ ಕ್ಷಣದೊಳಗೆ ಇಂಜಿನ್ ತನ್ನ ವೇಗದ ಅರ್ಧದಷ್ಟನ್ನು ಕಳೆದುಕೊಳ್ಳಬೇಕು. ಅದೇ 60 ಕಿ.ಮೀ. ವೇಗದಲ್ಲಿ ನಾಲ್ಕರಿಂದ ಐದಕ್ಕೆ ಹೋಗುವಾಗ 2200ರಿಂದ 1750ಕ್ಕೆ ಇಳಿದರೆ ಸಾಕು. ಮಂಡಗದ್ದೆಯ ನೇರ ರಸ್ತೆಯಲ್ಲಿ ನಾಲ್ಕು, ಐದು ಎಂದು ಹಾಕುವಾಗ ಏನೂ ಅನ್ನಿಸದೆ, ಊರೊಳಗೆ ಒಂದರಿಂದ ಎರಡಕ್ಕೆ ಹೋಗುವಾಗ ಮಾತ್ರ ತಲೆ ಅಲ್ಲಾಡುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಮೆಕ್ಯಾನಿಕ್‌ಗಳಲ್ಲೂ ಇದೆ. ‘ಗೇರ್‌ಬಾಕ್ಸಿನಲ್ಲಿ ಸಿಂಕ್ರೊನೈಸರ್ ಇದೆಯಲ್ಲ, ವೇಗ ಹೊಂದಿಸುವುದು ಅದರ ಕೆಲಸವಲ್ಲವೆ?’ ಎಂದು ಕೇಳುತ್ತಾರೆ. ಸಿಂಕ್ರೊನೈಸರನ್ನು ಕ್ಯಾಡಿಲಾಕ್ ಕಂಪನಿ 1928ರಲ್ಲಿ ಕಾರುಗಳಿಗೆ ತಂದಿತು. ಅದಕ್ಕೂ ಮೊದಲು ಪ್ರತಿ ಗೇರಿಗೂ ಡಬಲ್ ಕ್ಲಚ್, ಅಂದರೆ ಕ್ಲಚ್ಚನ್ನು ಎರಡೆರಡು ಸಲ, ಒತ್ತಬೇಕಿತ್ತು, ಇಲ್ಲದಿದ್ದರೆ ಹಲ್ಲುಗಳು ಕಿರುಚುತ್ತಿದ್ದವು. ಹಳೆಯ ಲಾರಿ ಓಡಿಸಿದ ಹಿರಿಯರಿಗೆ ಆ ಕಾಲ್ಚಳಕ ಈಗಲೂ ನೆನಪಿರುತ್ತದೆ. ಆದರೆ ಸಿಂಕ್ರೊನೈಸರಿನ ಪುಟ್ಟ ಹಿತ್ತಾಳೆ ಬಳೆ ಹೊಂದಿಸುವುದು ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ಮತ್ತು ಹಲ್ಲುಚಕ್ರಗಳ ವೇಗವನ್ನು ಮಾತ್ರ. ಕ್ಲಚ್ಚಿನ ಆಚೆ ಬದಿಯಲ್ಲಿರುವ ಇಂಜಿನ್ ಅದರ ಕೈಗೆ ಸಿಗುವುದಿಲ್ಲ. ಗೇರು ಬೆಣ್ಣೆಯಂತೆ ಬಿದ್ದರೂ ಕ್ಲಚ್ ಬಿಟ್ಟಾಗ ಕಾರು ಜಗ್ಗಬಹುದು. ಇಂಜಿನ್ನಿನ ವೇಗವನ್ನು ಹೊಂದಿಸುವುದು ಕ್ಲಚ್ಚಿನ ಉಜ್ಜಾಟ, ಚಾಲಕನ ಕಾಲು, ಮತ್ತು ಈಗ ಕಂಪ್ಯೂಟರ್.

ನಿಮ್ಮ ಹಳೆಯ ಕಾರಿನಲ್ಲಿ ಆಕ್ಸಿಲರೇಟರಿನಿಂದ ಥ್ರಾಟಲಿಗೆ ಒಂದು ಉಕ್ಕಿನ ಕೇಬಲ್ ಹೋಗಿತ್ತು. ಥ್ರಾಟಲ್ ಎಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು. ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಪಟ್ಟನೆ ಮುಚ್ಚುತ್ತಿತ್ತು, ಆರ್‌ಪಿಎಂ ಕಲ್ಲು ಬಿದ್ದಂತೆ ಬೀಳುತ್ತಿತ್ತು. ಹೊಸ ಕಾರಿನಲ್ಲಿ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್, ಥ್ರಾಟಲಿನ ಬಳಿ ಒಂದು ಪುಟ್ಟ ಮೋಟಾರು, ನಡುವೆ ಕಂಪ್ಯೂಟರ್. ನೀವು ಕಾಲು ತೆಗೆಯುವುದು ಈಗ ಒಂದು ಕೋರಿಕೆ. ಬಾಗಿಲನ್ನು ಯಾವಾಗ, ಎಷ್ಟು ನಿಧಾನವಾಗಿ ಮುಚ್ಚಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ನಿಧಾನವಾಗಿಯೇ ಮುಚ್ಚಬೇಕು ಎಂದು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ರೆವ್ ಹ್ಯಾಂಗ್’ ಎನ್ನುತ್ತಾರೆ.

ಏಕೆ ಹಾಗೆ ಹೇಳಿಕೊಟ್ಟರು? ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಮಾತು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇಂಜಿನ್ನಿನೊಳಗೆ ಆಗುವುದೂ ಅದೇ. ಸಾಮಾನ್ಯ ಪೆಟ್ರೋಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಿಂಪಡಿಸುವುದು ಸಿಲಿಂಡರಿನ ಹೊರಗೆ, ಗಾಳಿ ಒಳಬರುವ ಕೊಳವೆಯಲ್ಲಿ. ಸ್ವಲ್ಪ ಪೆಟ್ರೋಲ್ ಆ ಕೊಳವೆಯ ಗೋಡೆಗೆ ತೆಳುವಾಗಿ ಅಂಟಿಕೊಂಡಿರುತ್ತದೆ. ಥ್ರಾಟಲನ್ನು ಪಟ್ಟನೆ ಮುಚ್ಚಿದರೆ ಒಳಗಿನ ಒತ್ತಡ ಒಮ್ಮೆಲೇ ಕುಸಿಯುತ್ತದೆ, ಗೋಡೆಯ ಪೆಟ್ರೋಲೆಲ್ಲ ತಟ್ಟನೆ ಆವಿಯಾಗಿ ಸಿಲಿಂಡರಿಗೆ ನುಗ್ಗುತ್ತದೆ. ಅದನ್ನು ಸುಡಲು ಸಾಕಷ್ಟು ಗಾಳಿ ಆಗ ಇರುವುದಿಲ್ಲ, ಬಾಗಿಲು ಮುಚ್ಚಿದೆಯಲ್ಲ. ಅರೆಬೆಂದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗುತ್ತದೆ. ಇಂಜೆಕ್ಟರ್ ನಿಂತರೂ ಕೊಳವೆಯ ಹನಿ ನಿಂತಿರುವುದಿಲ್ಲ. ಆದ್ದರಿಂದ ಕಂಪ್ಯೂಟರ್ ಬಾಗಿಲನ್ನು ಮೆಲ್ಲನೆ ಮುಚ್ಚುತ್ತಾ, ಆ ಹನಿಗಳು ಸರಿಯಾಗಿ ಸುಟ್ಟುಹೋಗುವಷ್ಟು ಗಾಳಿ ಬಿಡುತ್ತಾ ಇಳಿಸುತ್ತದೆ. ಗಾಳಿ ಇದ್ದು ಪೆಟ್ರೋಲ್ ಸುಡುತ್ತಿರುವವರೆಗೆ ಇಂಜಿನ್ ತಿರುಗುತ್ತದೆ. ನಿಮ್ಮ ಮುಳ್ಳು ನಿಂತಿರುವುದು ಅದಕ್ಕೆ.

ಹಾಗಾದರೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡಬಾರದೆ? ಅಲ್ಲಿ ಎರಡನೇ ತೊಡಕು. ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ ಹೊಗೆಯ ವಿಷ ಕಳೆಯುವ ಕೆಟಲಿಟಿಕ್ ಕನ್ವರ್ಟರ್ ಇದೆ. ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಅಳತೆಯ ಆಸುಪಾಸಿನಲ್ಲಿ ಮಾತ್ರ ಅದು ಮೂರೂ ಬಗೆಯ ವಿಷವನ್ನು ಒಟ್ಟಿಗೆ ಕಳೆಯಬಲ್ಲದು. ಪೆಟ್ರೋಲ್ ನಿಲ್ಲಿಸಿದರೆ ಇಂಜಿನ್ ಬರೀ ಗಾಳಿಯನ್ನು ಅದರೊಳಕ್ಕೆ ತಳ್ಳುತ್ತದೆ, ಕನ್ವರ್ಟರ್ ಆಮ್ಲಜನಕವನ್ನು ಕುಡಿದು ತುಂಬಿಕೊಳ್ಳುತ್ತದೆ. ಮರುಕ್ಷಣ ನೀವು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುವ ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ. ಪೇಟೆಯಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ಸಲ ಗೇರು ಬದಲಿಸುತ್ತೀರೆಂದು ಎಣಿಸಿ ನೋಡಿ. ಪ್ರತಿ ಸಲವೂ ಹೀಗಾದರೆ ಹೊಗೆಯ ಮಿತಿ ದಾಟದೆ ಇರುವುದು ಕಷ್ಟ. 2020ರ ಏಪ್ರಿಲ್ 1ರಂದು ದೇಶಾದ್ಯಂತ ಬಿಎಸ್6 ಎಂಬ ಹೊಗೆ ನಿಯಮ ಜಾರಿಗೆ ಬಂತು. 2023ರ ಏಪ್ರಿಲ್‌ನಿಂದ ಪ್ರಯೋಗಾಲಯದ ಜೊತೆಗೆ ನಿಜವಾದ ರಸ್ತೆಯ ಮೇಲಿನ ಹೊಗೆಯೂ ಲೆಕ್ಕಕ್ಕೆ ಸೇರಿತು. ಕ್ಷಣಮಾತ್ರದ ಗೇರು ಬದಲಾವಣೆಯನ್ನೂ ಇಷ್ಟು ಜೋಪಾನ ಮಾಡುವುದು ಅದಕ್ಕಾಗಿ. ಇದು ಕಂಪ್ಯೂಟರಿನ ಕಾಲದ ಉಪಾಯವೂ ಅಲ್ಲ. ಕಾರ್ಬ್ಯುರೇಟರ್ ಕಾಲದ ಎಷ್ಟೋ ಕಾರುಗಳಲ್ಲಿ ಥ್ರಾಟಲ್ ಪಟ್ಟನೆ ಮುಚ್ಚದಂತೆ ತಡೆಯುವ ಡ್ಯಾಶ್‌ಪಾಟ್ ಎಂಬ ಪುಟ್ಟ ಡಬ್ಬಿ ಇರುತ್ತಿತ್ತು.

ಇನ್ನು ಮುಳ್ಳು ಮೇಲಕ್ಕೇ ಹೋಗುವ ಸಂಗತಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದು. ಗೇರಿನಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಎಳೆತವನ್ನು ಒಮ್ಮೆಲೇ ಕಡಿಯುವುದಿಲ್ಲ, ಹಂತಹಂತವಾಗಿ ಇಳಿಸುತ್ತದೆ. ಹಾಗೆ ಮಾಡದಿದ್ದರೆ ಗೇರ್‌ಬಾಕ್ಸ್, ಶಾಫ್ಟುಗಳ ಸಡಿಲವೆಲ್ಲ ಒಮ್ಮೆಗೇ ತಿರುಗಿ ‘ಟಕ್’ ಎಂದು ಕಾರು ಕುಲುಕುತ್ತದೆ. ಈ ಇಳಿಕೆ ಮುಗಿಯುವ ಮೊದಲೇ ನೀವು ಕ್ಲಚ್ ಒತ್ತಿದರೆ ಇಂಜಿನ್ನಿನಲ್ಲಿ ಇನ್ನೂ ಸ್ವಲ್ಪ ಎಳೆತ ಉಳಿದಿರುತ್ತದೆ, ಎಳೆಯಲು ಮಾತ್ರ ಕಾರು ಇರುವುದಿಲ್ಲ. ಹೊರೆ ಕಳಚಿದ ಇಂಜಿನ್ ಮೇಲಕ್ಕೆ ಹಾರುತ್ತದೆ. ಹಾಗೆ ಹಾರದಂತೆ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿರುವ ಒಂದು ಚಿಕ್ಕ ಸ್ವಿಚ್. ಪೆಡಲ್ ಸ್ವಲ್ಪ ಕದಲಿದರೂ ‘ಕ್ಲಚ್ ಒತ್ತಿದ್ದಾರೆ’ ಎಂದು ಅದು ತಿಳಿಸುತ್ತದೆ. ಆ ಸ್ವಿಚ್ ಜಾಗ ತಪ್ಪಿದ್ದರೆ ಅಥವಾ ಕೆಟ್ಟಿದ್ದರೆ ಕಂಪ್ಯೂಟರ್ ನೀವಿನ್ನೂ ಗೇರಿನಲ್ಲೇ ಇದ್ದೀರೆಂದು ತಿಳಿಯುತ್ತದೆ, ಆಗ ಆರ್‌ಪಿಎಂ ಮತ್ತಷ್ಟು ಹೊತ್ತು ತೂಗಾಡುತ್ತದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕಾದ ಜಾಗ ಇದು. ಸ್ಕ್ಯಾನರ್ ಜೋಡಿಸಿ, ಪೆಡಲ್ ಒತ್ತಿದಾಗ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಕಾರಿನಲ್ಲಿ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಕಾಯ್ದುಕೊಳ್ಳುವ ಏರ್ಪಾಟು) ಇದ್ದು, ಕ್ಲಚ್ ಮುಟ್ಟಿದರೂ ಅದು ಕಡಿಯದೆ ಉಳಿದರೆ ಸ್ವಿಚ್ಚಿನ ಮೇಲೆ ಸಂಶಯಪಡಿ.

ಇದೆಲ್ಲದರ ಜೊತೆಗೆ ಇಂಜಿನ್ನಿನ ತುದಿಗೆ ಜೋಡಿಸಿದ ಭಾರದ ಚಕ್ರ, ಫ್ಲೈವೀಲ್ ಇದೆ. ಬೀಸುವ ಕಲ್ಲು ಕೈ ಬಿಟ್ಟ ಮೇಲೂ ಒಂದೆರಡು ಸುತ್ತು ತಿರುಗುತ್ತದಲ್ಲ, ಇದೂ ಹಾಗೆಯೇ. ಭಾರ ಹೆಚ್ಚಿದ್ದಷ್ಟೂ ನಿಧಾನವಾಗಿ ಇಳಿಯುತ್ತದೆ. ಮೂರು ಸಿಲಿಂಡರಿನ ಇಂಜಿನ್ನುಗಳಲ್ಲಿ ನಡುಕ ತಗ್ಗಿಸಲು ಭಾರದ ಫ್ಲೈವೀಲ್ ಕೊಡುವುದುಂಟು. ಡೀಸೆಲ್ ಇಂಜಿನ್ನಿನ ತಿರುಗುವ ಭಾಗಗಳೇ ಭಾರ.

ಈಗ ಪರೀಕ್ಷೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರು ನಿಲ್ಲಿಸಿ, ಎಸಿ ಆರಿಸಿ, ನ್ಯೂಟ್ರಲ್‌ನಲ್ಲಿ ಆರ್‌ಪಿಎಂ 3000ಕ್ಕೆ ಏರಿಸಿ ಕಾಲು ತೆಗೆಯಿರಿ. ಮುಳ್ಳು ಒಂದು ಕ್ಷಣ ತಡೆದು, ನಂತರ ಎಲ್ಲೂ ಸಿಕ್ಕಿಕೊಳ್ಳದೆ ಇಳಿದು ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಮುಟ್ಟದಿದ್ದಾಗ ಇಂಜಿನ್ ತಿರುಗುವ ಕನಿಷ್ಠ ವೇಗದಲ್ಲಿ) ನಿಂತರೆ ನಿಮ್ಮ ಕಾರು ಆರೋಗ್ಯವಾಗಿದೆ. 1500ರ ಆಸುಪಾಸಿನಲ್ಲಿ ನಿಂತೇಬಿಟ್ಟರೆ, ಇಲ್ಲವೇ ಮೇಲೆ ಕೆಳಗೆ ಓಲಾಡಿದರೆ ಎಲ್ಲಿಂದಲೋ ಲೆಕ್ಕವಿಲ್ಲದ ಗಾಳಿ ಒಳಹೋಗುತ್ತಿದೆ ಅಥವಾ ಥ್ರಾಟಲಿನ ಸುತ್ತ ಮಸಿ ಕಟ್ಟಿದೆ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಇಂಜಿನ್ ಹುಡುಕಿ ಬರುತ್ತವೆ, ವೈರಿನ ಜೊತೆ ರಬ್ಬರ್ ಹೋಸನ್ನೂ ಕಡಿಯುತ್ತವೆ. ತೋಟದ ಮನೆಯ ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರಾದರೆ ಮೊದಲು ಟಾರ್ಚ್ ಹಿಡಿದು ಹೋಸುಗಳನ್ನು ನೋಡಿ. ಇನ್ನೊಂದು, ಕೆಸರಿಗೆಂದು ಕಾಲಡಿಗೆ ಗೋಣಿಚೀಲ ಹಾಸುತ್ತೀರಾದರೆ ಈಗಲೇ ತೆಗೆದುಬಿಡಿ. ಅದು ಮಡಚಿ ಆಕ್ಸಿಲರೇಟರಿಗೆ ಸಿಕ್ಕಿಕೊಂಡರೆ ಆರ್‌ಪಿಎಂ ನಿಲ್ಲುವುದಿರಲಿ, ಕಾರೇ ನಿಲ್ಲದು.

ಕ್ಲಚ್ ನಿಜವಾಗಿ ಸವೆದಿದ್ದರೆ ಅದರ ಲಕ್ಷಣ ಬೇರೆ. ನಾಲ್ಕನೇ ಗೇರಿನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಒತ್ತಿದಾಗ, ಕ್ಲಚ್ ಪೆಡಲಿನ ಮೇಲೆ ಕಾಲೇ ಇಲ್ಲದಿದ್ದರೂ, ಆರ್‌ಪಿಎಂ ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ನೀವು ಹೇಳಿದ್ದರಲ್ಲಿ ಅಂಥದ್ದೇನೂ ಇಲ್ಲ.

ಓಡಿಸುವ ತಾಳಕ್ಕೆ ಬರುತ್ತೇನೆ. ಹಳೆಯ ಕಾರಿನಲ್ಲಿ ನಿಮ್ಮ ಎರಡೂ ಕಾಲು ಒಟ್ಟಿಗೆ ಕದಲುತ್ತಿದ್ದವು: ಬಲಗಾಲು ಏಳುವಾಗಲೇ ಎಡಗಾಲು ಇಳಿಯುತ್ತಿತ್ತು. ಇಲ್ಲಿ ಬಲಗಾಲನ್ನು ಅರೆಕ್ಷಣ ಮೊದಲು ಎತ್ತಿ. ಎಳೆತ ಸಡಿಲಿದ್ದು ಸೀಟಿನಲ್ಲಿ ಗೊತ್ತಾಗುತ್ತದೆ, ಆಮೇಲೆ ಕ್ಲಚ್. ಆರ್‌ಪಿಎಂ ಹಾರುವುದು ಇಷ್ಟರಿಂದಲೇ ಬಹುಪಾಲು ನಿಲ್ಲುತ್ತದೆ. ಒಂದರಿಂದ ಎರಡಕ್ಕೆ ಹೋಗಲು 2700ರವರೆಗೆ ಕಾಯಬೇಡಿ. ಸಮತಟ್ಟು ರಸ್ತೆಯಲ್ಲಿ 2000ಕ್ಕಿಂತ ಮುಂಚೆಯೇ ಬದಲಿಸಿದರೆ ಇಳಿಯಬೇಕಾದ ಸುತ್ತೇ ಕಡಿಮೆ. ಕ್ಲಚ್ ಹಿಡಿಯುವ ಜಾಗದಲ್ಲಿ ಪೆಡಲನ್ನು ತುಸು ತಡೆದು ಬಿಡಿ. ಏರಿನಲ್ಲಿ ಮಾತ್ರ ಹೀಗೆ ಕಾಯಲಾಗದು. ಕ್ಲಚ್ ಒತ್ತಿದ ಗಳಿಗೆಯಿಂದ ಕಾರು ವೇಗ ಕಳೆದುಕೊಳ್ಳುತ್ತದೆ, ಮುಂದಿನ ಗೇರಿಗೆ ಬೇಕಾದ ಸುತ್ತು ಇನ್ನೂ ಕೆಳಗಿಳಿಯುತ್ತದೆ, ಇಂಜಿನ್ ಮಾತ್ರ ಮೇಲೇ ನಿಂತಿರುತ್ತದೆ. ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಎರಡು ತಿರುವುಗಳ ನಡುವಿನ ಚಿಕ್ಕ ಓಟಕ್ಕಾಗಿ ಮೂರನೇ ಗೇರು ಹಾಕುವ ಆಸೆ ಬೇಡ. ಎರಡರಲ್ಲೇ ಇರಿ.

ಇಳಿಯುವಾಗ ಆಗುವುದು ಪೂರಾ ತಿರುಗುಮುರುಗು. ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗವಿದ್ದರೆ ಇಂಜಿನ್ 1950 ಸುತ್ತಿನಲ್ಲಿರುತ್ತದೆ. ನಿಮ್ಮ ಕಾಲು ಆಗಲೇ ಆಕ್ಸಿಲರೇಟರ್ ಮೇಲಿಲ್ಲ, ಥ್ರಾಟಲ್ ಮುಚ್ಚಿ ಬಹಳ ಹೊತ್ತಾಗಿದೆ, ಆದ್ದರಿಂದ ಹಿಡಿದು ನಿಲ್ಲಿಸಲು ಏನೂ ಉಳಿದಿಲ್ಲ. ಕ್ಲಚ್ ಒತ್ತಿ ಲಿವರ್ ಎಳೆಯುವಷ್ಟರಲ್ಲಿ ಇಂಜಿನ್ ಐಡ್ಲಿಂಗಿನ ಕಡೆಗೆ ಜಾರುತ್ತಿರುತ್ತದೆ. ಎರಡನೇ ಗೇರಿಗೆ ಬೇಕಾದದ್ದು 2900. ಆ ಅಂತರವನ್ನು ತುಂಬಲು ಇಂಜಿನ್ನನ್ನು ಹಿಡಿದು ತಿರುಗಿಸುವುದು ನಿಮ್ಮ ಮುಂದಿನ ಚಕ್ರಗಳು. ಹಿಂದಿನಿಂದ ಜಗ್ಗಿದಂತೆ ಅನ್ನಿಸುವುದು ಅದು. ಒಣ ರಸ್ತೆಯಲ್ಲಿ ಇದು ಕಿರಿಕಿರಿ ಅಷ್ಟೆ. ಜುಲೈ ತಿಂಗಳಲ್ಲಿ, ಎಲೆ ಬಿದ್ದು ನೆನೆದ ತಿರುವಿನಲ್ಲಿ, ಸ್ಟಿಯರಿಂಗ್ ತಿರುಗಿಸಿಕೊಂಡೇ ಹೀಗೆ ಮಾಡಿದರೆ ಮುಂಚಕ್ರದ ಹಿಡಿತ ಜಾರಬಹುದು. ಆದ್ದರಿಂದ ಗೇರು ಇಳಿಸುವುದು ತಿರುವಿಗೆ ಮೊದಲು, ಸ್ಟಿಯರಿಂಗ್ ನೇರವಿರುವಾಗ. ಮೊದಲು ಬ್ರೇಕ್ ಹಿಡಿದು ವೇಗ ತಗ್ಗಿಸಿ. ಬ್ರೇಕ್ ಬಿಟ್ಟು, ಕ್ಲಚ್ ಒತ್ತಿ, ಲಿವರ್ ಎರಡಕ್ಕೆ ಹೋಗುವಾಗ ಆಕ್ಸಿಲರೇಟರನ್ನು ಒಮ್ಮೆ ಮೃದುವಾಗಿ ಒತ್ತಿ, ಕ್ಲಚ್ ಬಿಡಿ. ಕೇಬಲ್ ಕಾಲದ ಹಾಗೆ ಫಟ್ಟನೆ ಕುಟ್ಟಿದರೆ ಕಂಪ್ಯೂಟರ್ ಅದನ್ನು ಅರ್ಧ ಮರೆತುಬಿಡುತ್ತದೆ, ಕಾಲು ಇನ್ನಷ್ಟು ಹೊತ್ತು ಅಲ್ಲಿರಬೇಕು. ಮೊದಲು ಬಯಲು ರಸ್ತೆಯಲ್ಲಿ, ಹಿಂದೆ ಮುಂದೆ ವಾಹನವಿಲ್ಲದಾಗ ಅಭ್ಯಾಸ ಮಾಡಿ, ಘಾಟಿಗೆ ಆಮೇಲೆ ಒಯ್ಯಿರಿ. ಐದರಿಂದ ನಾಲ್ಕಕ್ಕೆ ಬದಲು ತಪ್ಪಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಯಾವ ಕಂಪ್ಯೂಟರೂ ಕಾಪಾಡಲಾರದು: ಅದು ಪೆಟ್ರೋಲ್ ಕಡಿಯಬಲ್ಲದು, ಚಕ್ರಗಳು ಇಂಜಿನ್ನನ್ನು ತಿರುಗಿಸುವುದನ್ನು ತಡೆಯಲಾರದು.

ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವವರಿದ್ದಾರೆ. ಉಳಿಯುವುದಿಲ್ಲ. ಗೇರಿನಲ್ಲಿ, ಕಾಲು ತೆಗೆದು, 1500ಕ್ಕಿಂತ ಹೆಚ್ಚು ಸುತ್ತಿನಲ್ಲಿ ಇಳಿಯುತ್ತಿದ್ದರೆ ಇಂಜೆಕ್ಟರುಗಳು ಸಾಮಾನ್ಯವಾಗಿ ಪೂರ್ತಿ ಮುಚ್ಚಿರುತ್ತವೆ, ಇಂಜಿನ್ನನ್ನು ತಿರುಗಿಸುವುದು ಇಳಿಜಾರೇ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಪೆಟ್ರೋಲ್ ಸುಡಬೇಕು, ಮೇಲಾಗಿ ಬ್ರೇಕುಗಳು ಬಿಸಿಯೇರುತ್ತವೆ. ಕ್ಲಚ್ ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡಿರುವ ಅಭ್ಯಾಸವನ್ನೂ ಬಿಡಿ. ಆ ಮೇಲಿನ ಸ್ವಿಚ್ ಅಷ್ಟಕ್ಕೇ ಎಚ್ಚರಗೊಳ್ಳುತ್ತದೆ, ಅನೇಕ ಕಾರುಗಳಲ್ಲಿ ಪೆಟ್ರೋಲ್ ಮತ್ತೆ ಹರಿಯತೊಡಗುತ್ತದೆ.

ಗೇರು ಇಳಿಸುವಾಗ ಆರ್‌ಪಿಎಂ ತಾನೇ ಏರಿಸಿಕೊಡುವ ಕಾರುಗಳೂ ಇವೆ. ನಿಸಾನ್ 370ಝಡ್ ಎಂಬ ಸ್ಪೋರ್ಟ್ಸ್ ಕಾರು 2009ರ ಮಾದರಿಯಲ್ಲಿ ಇದನ್ನು ತಂದಿತು. ಲಿವರ್ ಯಾವ ಗೇರಿನತ್ತ ಹೊರಟಿದೆ ಎಂದು ಸೆನ್ಸರ್ ತಿಳಿಸುತ್ತದೆ, ಕಾರಿನ ವೇಗ ಗೊತ್ತೇ ಇದೆ, ಉಳಿದದ್ದು ನಾವು ಮೇಲೆ ಮಾಡಿದ ಲೆಕ್ಕ. ಟೊಯೋಟಾ ಇದೇ ಬಗೆಯ ಏರ್ಪಾಟನ್ನು ‘ಐಎಂಟಿ’ ಎನ್ನುತ್ತದೆ. ನಮ್ಮಲ್ಲಿ 2020ರಲ್ಲಿ ಹ್ಯುಂಡೈ ವೆನ್ಯೂ ಜೊತೆ ಬಂದ ‘ಐಎಂಟಿ’ ಬೇರೆಯೇ: ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಲಿವರ್ ಕದಲಿದೊಡನೆ ಕ್ಲಚ್ಚನ್ನು ಯಂತ್ರವೇ ಒತ್ತುತ್ತದೆ. ಎರಡಕ್ಕೂ ಒಂದೇ ಹೆಸರಿರುವುದರಿಂದ ಮುಂದೆ ಕಾರು ಕೊಳ್ಳುವಾಗ ಯಾವುದೆಂದು ಕೇಳಿಕೊಳ್ಳಿ.

ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಈ ತೂಗಾಟ ತೆಗೆದುಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಬೇಡ. ಗ್ಯಾರಂಟಿ ಹೋಗುತ್ತದೆ, ಮತ್ತು ಆ ಹೊಗೆ ನಿಮ್ಮ ತೋಟದ ಗಾಳಿಗೇ ಸೇರುತ್ತದೆ. ಸದ್ಯಕ್ಕೆ ನಿಮ್ಮ ಮೆಕ್ಯಾನಿಕ್ ಎದುರಿನಲ್ಲೇ 3000 ಸುತ್ತಿನ ಪರೀಕ್ಷೆ ಮಾಡಿ, ಕ್ಲಚ್ ಸ್ವಿಚ್ಚನ್ನು ಸ್ಕ್ಯಾನರಿನಲ್ಲಿ ನೋಡಿಸಿ, ನಾಲ್ಕನೇ ಗೇರಿನಲ್ಲಿ ಒಂದು ಏರು ಹತ್ತಿಸಿ ತೋರಿಸಿ. ಮೂರೂ ಸರಿಯಿದ್ದರೆ ಕ್ಲಚ್ ಪ್ಲೇಟಿನ ಆರ್ಡರ್ ರದ್ದು ಮಾಡಿಸಿ.